‘ನೂರು ವರ್ಷದ ನೆರೆ’: ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಮನೆ ಕೊಳ್ಳುವ ಕನ್ನಡದವರಿಗೆ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡೆ.

ಮೊದಲನೆಯದು ಫ್ಲಡ್‌ಪ್ಲೇನ್, ಅಂದರೆ ಹೊಳೆ ಉಕ್ಕಿದಾಗ ನೀರು ಹರಡುವ ತಗ್ಗು ಜಾಗ. ‘ಪ್ರವಾಹ ಪ್ರದೇಶ’ ಅಂದರೆ ಈಗಲೇ ನೀರು ನಿಂತಿರುವ ಜಾಗ ಅನ್ನಿಸುತ್ತದೆ, ಟಿವಿ ಸುದ್ದಿಯ ಹಾಗೆ. ‘ಮುಳುಗಡೆ’ ಅಂದರೆ ಆಲಮಟ್ಟಿ ಹಿನ್ನೀರು ಕಣ್ಣ ಮುಂದೆ ಬರುತ್ತದೆ. ನನ್ನದು ದಕ್ಷಿಣ ಕನ್ನಡ. ಅಲ್ಲಿ ಗದ್ದೆಗಳಿಗೆ ಎತ್ತರ ನೋಡಿ ಬೈಲು, ಮಜಲು, ಬೆಟ್ಟು ಅನ್ನುತ್ತೇವೆ. ಬೈಲು ಅಂದರೆ ತಗ್ಗು, ನೀರಿನ ಜಾಗ. ಹಾಗಾಗಿ ‘ನೆರೆಬಯಲು’ ಅಂತ ಬರೆದೆ. ಆದರೆ ಬಯಲುಸೀಮೆಯವರಿಗೆ ಬಯಲು ಅಂದರೆ ಸುಮ್ನೆ ತೆರೆದ ಜಾಗ, ಅಲ್ವಾ?

ಹೆಚ್ಚು ಕಾಡಿದ್ದು ‘ನೂರು ವರ್ಷದ ನೆರೆ’. ಇಲ್ಲಿನ ನೆರೆ ನಕ್ಷೆ, ವಿಮೆ ಎರಡಕ್ಕೂ ಅದೇ ಅಳತೆ. ಪರಿಚಯದ ಹಿರಿಯರೊಬ್ಬರು, “2017ರಲ್ಲಿ ಹಾರ್ವೆ ಚಂಡಮಾರುತ ಬಂದು ಹೋಯ್ತಲ್ಲ, ಇನ್ನು ಮೊಮ್ಮಕ್ಕಳ ಕಾಲಕ್ಕೆ” ಅಂದುಬಿಟ್ಟರು! ಅರ್ಥ ಅದಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ನೀರು ಬರುವ ಸಾಧ್ಯತೆ ನೂರಕ್ಕೆ ಒಂದು, ಅಷ್ಟೇ. 30 ವರ್ಷದ ಸಾಲ ತೀರುವಷ್ಟರಲ್ಲಿ ಅದು ನೂರಕ್ಕೆ 26 ಆಗುತ್ತದೆ. ನಮ್ಮ ನೇತ್ರಾವತಿಯೇ 1923ರಲ್ಲಿ ಉಕ್ಕಿದ್ದು ಸಾಲದೆ 1974ರಲ್ಲಿ ಮತ್ತೆ ಬಂಟ್ವಾಳಕ್ಕೆ ನುಗ್ಗಲಿಲ್ಲವೇ? ಹ್ಯೂಸ್ಟನ್‌ನಲ್ಲಿ 2018ರಿಂದ ನೆರೆಬಯಲಿನ ಹೊಸ ಮನೆಯ ನೆಲ ‘ಐನೂರು ವರ್ಷದ ನೆರೆ’ಯ ಮಟ್ಟಕ್ಕಿಂತ 2 ಅಡಿ ಮೇಲಿರಬೇಕು. ಐನೂರು ಅಂದರಂತೂ ಕೇಳಿದವರು ವಿಜಯನಗರದ ಕಾಲಕ್ಕೇ ಹೋಗುತ್ತಾರೆ. ‘ನೂರಕ್ಕೊಂದರ ನೆರೆ’ ಅಂದರೆ ಹೇಗೆ? ಕಿವಿಗೆ ಸ್ವಲ್ಪ ಒರಟು, ಆದರೆ ದಾರಿ ತಪ್ಪಿಸುವುದಿಲ್ಲ.

ಇನ್ನು ‘ನೆರೆ ವಿಮೆ ಕಡ್ಡಾಯ’. ಹೀಗೆ ಬರೆದರೆ ಎಲ್ಲರಿಗೂ ಕಡ್ಡಾಯ ಅನ್ನೋ ಅರ್ಥ ಬರುತ್ತದೆ. ಅಪಾಯದ ವಲಯದ ಮನೆಗೆ ಬ್ಯಾಂಕ್ ಸಾಲ ತೆಗೆದರೆ ಬ್ಯಾಂಕ್ ಕೇಳುತ್ತದೆ. ಕೈಯಿಂದ ದುಡ್ಡು ಹಾಕಿ ಕೊಂಡವರಿಗೆ ಆ ಕಟ್ಟು ಇಲ್ಲ. ‘ಸಾಲಕ್ಕೆ ಬೇಕೇ ಬೇಕು’ ಅಂತ ತಿದ್ದಿದೆ.

ಕೊನೆಗೆ, ‘ಮನೆಗೆ ನೀರು ನುಗ್ಗಿತು’. ನಾವು ಒಡೆದ ಪೈಪಿಗೂ ಉಕ್ಕಿದ ಹೊಳೆಗೂ ಇದನ್ನೇ ಹೇಳುತ್ತೇವೆ. ಪೈಪಿನದು ಮನೆ ವಿಮೆಗೆ ಹೋಗುತ್ತದೆ, ಹೊಳೆಯದು ನೆರೆ ವಿಮೆಗೆ. ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ನಿಮ್ಮ ಊರಲ್ಲಿ ಇದ್ದರೆ ತಿಳಿಸಿ.