ಕೋಡ್ ಲೈಬ್ರರಿಗೆ ಯಾವ ಲೈಸೆನ್ಸ್ ಹಾಕಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಲಾಗ್ ಫೈಲ್ (ಪ್ರೋಗ್ರಾಂ ಬರೆದಿಡುವ ದಾಖಲೆ) ಓದಿ ವಿಂಗಡಿಸುವ ಪುಟ್ಟ ಲೈಬ್ರರಿಯೊಂದನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಬಹುದಾದ ಕೋಡನ್ನು, ಬರೆದಿದ್ದೇನೆ. ಓಪನ್ ಸೋರ್ಸ್ ಮಾಡುವ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಆಸೆ. ಜಿಪಿಎಲ್ (ಸೇರಿಸಿಕೊಂಡು ಹಂಚುವವರೂ ತಮ್ಮ ಸೋರ್ಸ್, ಅಂದರೆ ಮೂಲ ಕೋಡ್, ಕೊಡಬೇಕೆನ್ನುವ ಲೈಸೆನ್ಸ್) ಹಾಕಲೋ, ಎಂಐಟಿಯೋ (ಆ ಕಟ್ಟಿಲ್ಲದ ಲೈಸೆನ್ಸ್)? ಕೋಡಿಂಗ್‌ನಿಂದಲೇ ಹೊಟ್ಟೆ ಹೊರೆಯುವವರು ಏನು ಮಾಡುತ್ತೀರಿ?

ಉತ್ತರ 1: ಎಂಐಟಿ ಹಾಕಿ. ಒಂದೇ ಬಗೆಯ ಪಾರ್ಸರನ್ನು (ಫೈಲ್ ಓದಿ ವಿಂಗಡಿಸುವ ಕೋಡ್) ಮೂರು ಕಂಪನಿಗಳಲ್ಲಿ ಮೂರು ಸಲ ಬರೆದವನು ನಾನು. ಸಂಬಳಕ್ಕೆ ಬರೆದ ಕೋಡ್‌ನ ಕಾಪಿರೈಟ್ ಸಾಮಾನ್ಯವಾಗಿ ಕಂಪನಿಯದು; ಕೆಲಸ ಬಿಟ್ಟಾಗ ಅದು ಅಲ್ಲೇ ಉಳಿಯುತ್ತದೆ. ಮೂರನೆಯ ಸಲ ಮ್ಯಾನೇಜರ್ ಬೆನ್ನುಹತ್ತಿ, ಲಿಖಿತ ಒಪ್ಪಿಗೆ ಪಡೆದು, ಎಂಐಟಿಯಡಿ ಹೊರಗೆ ಬಿಡಿಸಿದೆ. ನಾಲ್ಕನೆಯ ಕಂಪನಿಗೆ ಸೇರಿದ ಮೊದಲ ವಾರವೇ ಅದನ್ನು ತಂದು ಬಳಸಿದೆ. ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಪಠ್ಯವನ್ನೂ ಉಳಿಸಿಕೊಂಡರೆ ಸಾಕು.

ಅದೇ ಜಿಪಿಎಲ್ ಆಗಿದ್ದರೆ? ಕಾಪಿರೈಟ್ ಹಳೆಯ ಕಂಪನಿಯ ಕೈಯಲ್ಲಿ. ಸೋರ್ಸ್ ಕೊಡದೆ ಮಾರುವ ಸಾಫ್ಟ್‌ವೇರಿಗೆ ಹೊಸ ಕಂಪನಿ ಅದನ್ನು ಸೇರಿಸುವಂತಿಲ್ಲ. ಕೈಯಾರೆ ಬರೆದದ್ದನ್ನೇ ನಾಲ್ಕನೆಯ ಸಲ ಬರೆಯಬೇಕಿತ್ತು. ಸ್ವಂತ ಕೋಡ್ ಆದರೆ ಎರಡು ಲೈಸೆನ್ಸ್ ಕೊಡಬಹುದಲ್ಲ ಅನ್ನುತ್ತಾರೆ. ನಿಜ. ಆದರೆ ಹತ್ತು ಜನರ ಪ್ಯಾಚ್ (ತಿದ್ದುಪಡಿ) ಸೇರಿದ ಮೇಲೆ, ಮೊದಲೇ ಕರಾರು ಮಾಡಿಕೊಂಡಿರದಿದ್ದರೆ, ಎರಡನೆಯ ಲೈಸೆನ್ಸಿಗೆ ಹತ್ತೂ ಜನ ಒಪ್ಪಬೇಕು.

ಉತ್ತರ 2: ಮೇಲಿನವರ ಮಾತು ಸರಿ. ಪೇಟೆಂಟ್ ಬಗ್ಗೆಯೂ ಯೋಚಿಸಿ. ಎಂಐಟಿ ಪಠ್ಯದಲ್ಲಿ ಆ ಪದವೇ ಇಲ್ಲ. 2004ರ ಅಪಾಚೆ 2.0 ಲೈಸೆನ್ಸ್, ಕೋಡ್ ಕೊಟ್ಟವರ ಪೇಟೆಂಟ್ ಬಳಸುವ ಅನುಮತಿಯನ್ನು ಬಿಡಿಸಿ ಬರೆದಿದೆ. ಫೇಸ್‌ಬುಕ್ ಹೊರತಂದ ವೆಬ್ ಲೈಬ್ರರಿ ರಿಯಾಕ್ಟ್‌ನ ಲೈಸೆನ್ಸ್ ಜೊತೆಗಿದ್ದ ಪೇಟೆಂಟ್ ಷರತ್ತು ತನ್ನ ಯೋಜನೆಗಳಿಗೆ ಬೇಡ ಎಂದು 2017ರಲ್ಲಿ ಅಪಾಚೆ ಪ್ರತಿಷ್ಠಾನ (ಅಪಾಚೆ ಲೈಸೆನ್ಸ್ ಹೊರತಂದ ಸಂಸ್ಥೆ) ಹೇಳಿತು. ಅದೇ ಸೆಪ್ಟೆಂಬರಿನಲ್ಲಿ ರಿಯಾಕ್ಟ್ ಎಂಐಟಿಗೆ ಬದಲಾಯಿತು. ಪೇಟೆಂಟ್ ಮಾತು ಅಷ್ಟು ದೊಡ್ಡದು. ಒಂದು ಎಚ್ಚರ: ಜಿಪಿಎಲ್ 2ನೆಯ ಆವೃತ್ತಿ ಮಾತ್ರ ಎಂದಿರುವ ಕೋಡ್ ಜೊತೆ ಅಪಾಚೆ 2.0 ಹೊಂದುವುದಿಲ್ಲ, ಜಿಪಿಎಲ್ 3 ಜೊತೆ ತೊಂದರೆಯಿಲ್ಲ.

ಉತ್ತರ 3: ನನ್ನದು ಬೇರೆ ಕಥೆ. ಎಂಐಟಿಯಂಥದ್ದೇ ಸಡಿಲ ಲೈಸೆನ್ಸಾದ ಬಿಎಸ್‌ಡಿಯಡಿ ಬಿಟ್ಟ ನನ್ನ ಕೋಡನ್ನು ಒಂದು ಕಂಪನಿ ತಿದ್ದಿ ಮಾರಿತು. ತಿದ್ದಿದ್ದರಲ್ಲಿ ಒಂದು ಸಾಲೂ ವಾಪಸ್ ಬರಲಿಲ್ಲ. ತುಂಬಾ ನೋವಾಯಿತು. ಅಂದಿನಿಂದ ಪೂರ್ತಿ ಅಪ್ಲಿಕೇಶನ್ ಬರೆದರೆ ಜಿಪಿಎಲ್ 3 ಹಾಕುತ್ತೇನೆ. ಲೈಬ್ರರಿಗೆ ಮಾತ್ರ ಈಗಲೂ ಬಿಎಸ್‌ಡಿಯೇ. ನನಗೆ ಕೆಲಸ ಕೊಟ್ಟವರಲ್ಲಿ ಇಬ್ಬರು ನನ್ನ ಲೈಬ್ರರಿ ಬಳಸಿಯೇ ನನ್ನನ್ನು ಗುರುತಿಸಿದ್ದು.

ಅಂದಹಾಗೆ, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬರೆದಿರಾ? ಮೊದಲು ನೇಮಕಾತಿ ಕರಾರು ಓದಿ.

ಪ್ರಶ್ನೆ ಕೇಳಿದವರು: ಈಗ ತೆಗೆದು ಓದಿದೆ. ಬಿಡುವಿನಲ್ಲಿ ಬರೆದದ್ದೂ ಕಂಪನಿಗೇ ಸೇರಿದ್ದು ಅಂತ ಇದೆ. ಲಿಖಿತ ಒಪ್ಪಿಗೆ ಕೇಳಿ ಮ್ಯಾನೇಜರ್‌ಗೆ ಮೇಲ್ ಹಾಕಿದ್ದೇನೆ, ಅಪಾಚೆ 2.0 ಎಂದೇ ನಮೂದಿಸಿ.