ಅಜ್ಜಿಮನೆ ಬಳಗ ಗ್ರೂಪಲ್ಲಿ ದೊಡ್ಡಪ್ಪನ ಫಿಟ್‌ನೆಸ್ ಬ್ಯಾಂಡ್ ಪುರಾಣ

ವಿನಯ್: [ಲಿಂಕ್] ಸ್ಮಾರ್ಟ್‌ವಾಚ್, ಬರೀ 1,299. ಸ್ಟೆಪ್ಸ್, ಹಾರ್ಟ್ ರೇಟ್, ಬಿಪಿ, ಶುಗರ್, ಬ್ಲೂಟೂತ್ ಕಾಲಿಂಗ್ ಎಲ್ಲಾ ಇದೆ, ಆಫರ್ ಇವತ್ತು ರಾತ್ರಿ 12ಕ್ಕೆ ಕ್ಲೋಸ್

ವಿನಯ್: ದೊಡ್ಡಪ್ಪನ ಅರವತ್ತರ ಶಾಂತಿಗೆ ನಾವೆಲ್ಲ ಸೇರಿ ಇದನ್ನ ಕೊಡ್ಸೋಣ, ತಲೆಗೆ ಇನ್ನೂರೈವತ್ತು ಹಾಕಿದ್ರೆ ಮುಗೀತು. ದೊಡ್ಡಪ್ಪಂಗೆ ಹೇಳ್ಬೇಡಿ, ಸರ್‌ಪ್ರೈಸ್

ದೀಪಾ: ಲೋ, ದೊಡ್ಡಪ್ಪ ಇದೇ ಗ್ರೂಪಲ್ಲಿ ಇದಾರೆ

ವಿನಯ್: ಈ ಸಂದೇಶವನ್ನು ಅಳಿಸಲಾಗಿದೆ

ನಾಗರಾಜ ದೊಡ್ಡಪ್ಪ: ಓದಿ ಆಯ್ತು ಬಿಡಪ್ಪ. ಬಿಪಿ ಶುಗರ್ ಎರಡೂ ನೋಡುತ್ತೆ ಅಂದ್ರೆ ಚೆನ್ನಾಗೇ ಇದೆಯಲ್ಲ, ಕ್ಲಿನಿಕ್ಕಲ್ಲಿ ಟೋಕನ್ ಹಿಡ್ಕೊಂಡು ಕೂರೋದು ತಪ್ಪುತ್ತೆ

ದೀಪಾ: ದೊಡ್ಡಪ್ಪ ಅದೊಂದು ಮಾತ್ರ ನಂಬ್ಬೇಡಿ ಪ್ಲೀಸ್. ಚರ್ಮ ಚುಚ್ಚದೆ ಶುಗರ್ ಹೇಳೋ ವಾಚು ಉಂಗುರ ಯಾವ್ದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಔಷಧಿ, ವೈದ್ಯಕೀಯ ಮೆಷೀನಿಗೆಲ್ಲ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎನೇ 2024ರ ಫೆಬ್ರವರಿಲಿ ಜನಕ್ಕೆ ಎಚ್ಚರಿಕೆ ಕೊಟ್ಟಿದೆ. ಬಿಪಿ ಕಥೆನೂ ಅಷ್ಟೇ, ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬದೆ ಮಣಿಕಟ್ಟಿನ ಮೇಲೆ ಹಸಿರು ಲೈಟ್ ಬಿಟ್ಟು ಅಂದಾಜಲ್ಲಿ ಒಂದು ನಂಬರ್ ತೋರ್ಸುತ್ತೆ, ಅದನ್ನ ನೋಡ್ಕೊಂಡು ನೀವು ಮಾತ್ರೆ ಬಿಟ್ರೆ ಏನ್ ಗತಿ

ವಿನಯ್: ಶುರು ಆಯ್ತು ಡಾಕ್ಟರಮ್ಮಂದು

ದೀಪಾ: ಡಾಕ್ಟರ್ ಅಲ್ಲ ಫಿಸಿಯೋ. ನಿನ್ನ ಆಫರ್ ವಾಚನ್ನ ದಿಂಬಿಗೆ ಕಟ್ಟಿ ನೋಡು, ದಿಂಬಿಗೂ ಹಾರ್ಟ್ ರೇಟ್ ತೋರ್ಸಿದ್ರೆ ಆಶ್ಚರ್ಯ ಪಡ್ಬೇಡ, ಅಂಥ ವಿಡಿಯೋ ಎಷ್ಟು ಬೇಕು

ವಿನಯ್: ಆಯ್ತಮ್ಮ ಬಿಪಿ ಬೇಡ ಶುಗರ್ ಬೇಡ, ಸ್ಟೆಪ್ಸ್ ನೋಡ್ಕೊಳ್ಳೋಕಾದ್ರೂ ಆಗುತ್ತಲ್ಲ? ಅದರಲ್ಲಿ ಏನಿದೆ, ನಡೆದ್ರೆ ಎಣ್ಸುತ್ತೆ

ಮಂಜುನಾಥ ಭಾವ: ಹಂಗೇನಿಲ್ಲೋ ವಿನಯಾ. ನಮ್ಮ ಆಫೀಸಿನ್ಯಾಗ ಸ್ಟೆಪ್ ಚಾಲೆಂಜ್ ಇಟ್ಟಿದ್ರು, ಅಕೌಂಟ್ಸ್‌ನ್ಯಾಗ ಒಬ್ಬಾಂವ ದಿನಾ ಮೂವತ್ತು ಸಾವಿರ ತೋರಿಸಾಂವ, ಹೊಟ್ಟಿ ನೋಡಿದ್ರ ಇದ್ದಲ್ಲೇ ಅದ, ಆಮ್ಯಾಲ ಗೊತ್ತಾತು ಬ್ಯಾಂಡ್ ಬಿಚ್ಚಿ ಕೂಸಿನ ತೊಟ್ಟಿಲಕ್ಕ ಕಟ್ಟಿ ತೂಗತಿದ್ನಂತ 😂 ಫಸ್ಟ್ ಪ್ರೈಜ್ ಅವಂಗ ಬಂತು

ವಿನಯ್: 😂😂 ಭಾವ ಐಡಿಯಾ ಕೊಡ್ಬೇಡಿ ದೊಡ್ಡಪ್ಪಂಗೆ

ದೊಡ್ಡಮ್ಮ: ಅವರಿಗೆ ತೊಟ್ಟಿಲು ಬೇಡಪ್ಪ, ರಾತ್ರಿ ಊಟ ಆದ್ಮೇಲೆ ಫೋನ್ ಕೈಲಿ ಹಿಡ್ಕೊಂಡು ಹಾಲಲ್ಲಿ ಸೋಫಾ ಸುತ್ತ ಸುತ್ತೋದೇ ಸುತ್ತೋದು, ನಾನು ಸೀರಿಯಲ್ ನೋಡ್ತಿದ್ರೆ ಟಿವಿ ಮುಂದೆ ಹತ್ತು ಸೆಕೆಂಡಿಗೊಂದ್ ಸಲ ಪಾಸ್ ಆಗ್ತಾರೆ. ಕೇಳಿದ್ರೆ ಇನ್ನೂ ಆರುನೂರು ಬಾಕಿ ಇದೆ ಅಂತಾರೆ. ಯಾರಿಗೆ ಬಾಕಿ, ಯಾವ ಸಾಲದ್ದು?

ನಾಗರಾಜ ದೊಡ್ಡಪ್ಪ: ಹತ್ತು ಸಾವಿರ ಆಗ್ಬೇಕು ಕಣೆ ದಿನಕ್ಕೆ. ಎಲ್ಲಾ ಡಾಕ್ಟರೂ ಹೇಳ್ತಾರೆ

ದೀಪಾ: ದೊಡ್ಡಪ್ಪ ಆ ಹತ್ತು ಸಾವಿರ ಡಾಕ್ಟರ್ ಕೊಟ್ಟ ಲೆಕ್ಕ ಅಲ್ಲ, ಅಂಗಡಿ ಲೆಕ್ಕ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯ್ತಲ್ಲ, ಅಲ್ಲಿ ಜನಕ್ಕೆ ವ್ಯಾಯಾಮದ ಹುಚ್ಚು ಹತ್ತಿತ್ತು, ಮುಂದಿನ ವರ್ಷ ಯಮಾಸಾ ಅನ್ನೋ ಜಪಾನ್ ಕಂಪನಿ ಸೊಂಟಕ್ಕೆ ಸಿಗಿಸ್ಕೊಳ್ಳೋ ಹೆಜ್ಜೆ ಮೀಟರ್ ಮಾಡಿ ಹೆಸರಲ್ಲೇ ಹತ್ತು ಸಾವಿರ ಸೇರ್ಸಿ ಮಾರಿದ್ರು. ಅದೇ ಇವತ್ತಿಗೂ ಎಲ್ಲ ಆಪಲ್ಲೂ ಕೂತಿದೆ

ದೀಪಾ: 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಅವರ ತಂಡ ಅಮೆರಿಕದಲ್ಲಿ ವಯಸ್ಸಾದ ಹದಿನಾರು ಸಾವಿರಕ್ಕೂ ಜಾಸ್ತಿ ಹೆಂಗಸರ ಹೆಜ್ಜೆ ಲೆಕ್ಕ ಹಾಕಿತ್ತು, ಸರಾಸರಿ 72 ವಯಸ್ಸು. ದಿನಕ್ಕೆ 2,700 ನಡೆಯೋರಿಗಿಂತ 4,400 ನಡೆಯೋರಲ್ಲೇ ಸಾಯೋರ ಪ್ರಮಾಣ ಸುಮಾರು 40% ಕಮ್ಮಿ ಇತ್ತು, 7,500 ದಾಟಿದ್ಮೇಲೆ ಹೆಚ್ಚಿಗೆ ಲಾಭ ಏನೂ ಕಾಣ್ಲಿಲ್ಲ. ಅದು ಹೆಂಗಸರ ಲೆಕ್ಕ, ಒಪ್ದೆ, ಆದ್ರೂ ಕೊನೇ ಆರುನೂರಕ್ಕೋಸ್ಕರ ದೊಡ್ಡಮ್ಮನ ಸೀರಿಯಲ್ ಹಾಳು ಮಾಡೋಷ್ಟೇನಿಲ್ಲ

ದೊಡ್ಡಮ್ಮ: 👏👏👏

ನಾಗರಾಜ ದೊಡ್ಡಪ್ಪ: ಅಂಗಡಿಯವನೇ ಹೇಳಿರ್ಲಿ ದೀಪಾ, ಹತ್ತು ಸಾವಿರ ಅಂತ ಒಂದು ಗುರುತು ಇಲ್ದಿದ್ರೆ ನಾನು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆ ಮುಖಾನೇ ಹಾಕ್ತಿರ್ಲಿಲ್ಲ. ರಿಟೈರ್ ಆದ್ಮೇಲೆ ದಿನಕ್ಕೊಂದು ಟಾರ್ಗೆಟ್ ಇರೋದು ಇದೊಂದೇ. ಅದನ್ನೂ ಕಿತ್ಕೊಂಡ್ರೆ ಹೆಂಗೆ

ಮಂಜುನಾಥ ಭಾವ: ಮಾವಾರದೂ ಖರೇನ ಅದ

ರಶ್ಮಿ ನ್ಯೂಜೆರ್ಸಿ: ಈಗ ಎದ್ದೆ, 40 ಮೆಸೇಜು!! ನಂದೊಂದು ಡೌಟ್. ನಾನು ಪಾಪೂನ ಸ್ಟ್ರಾಲರಲ್ಲಿ ಕೂರಿಸ್ಕೊಂಡು ಮುಕ್ಕಾಲು ಗಂಟೆ ಪಾರ್ಕ್ ಸುತ್ತಿ ಬಂದ್ರೂ ಬ್ಯಾಂಡಲ್ಲಿ ನಾನೇನೋ ಬಾತ್‌ರೂಮಿಗೆ ಹೋಗಿ ಬಂದಷ್ಟು ತೋರ್ಸುತ್ತೆ, ಕೆಟ್ಟೋಗಿದೆಯಾ?

ದೀಪಾ: ಕೆಟ್ಟಿಲ್ಲ ರಶ್ಮಿ ಅಕ್ಕ. ಅದಕ್ಕೆ ಕಾಲು ಗೊತ್ತಾಗಲ್ಲ, ಕೈ ಬೀಸೋದಷ್ಟೇ ಗೊತ್ತಾಗೋದು. ಸ್ಟ್ರಾಲರ್ ಹಿಡಿ ಗಟ್ಟಿಯಾಗಿ ಹಿಡ್ಕೊಂಡ್ರೆ ಕೈ ಅಲ್ಲಾಡಲ್ಲ, ಟ್ರೆಡ್‌ಮಿಲ್ ಕಂಬಿ ಹಿಡ್ಕೊಂಡ್ರೂ ಅದೇ ಕಥೆ. ಆ ಹೊತ್ತಲ್ಲಿ ಫೋನ್ ಪ್ಯಾಂಟ್ ಜೇಬಲ್ಲಿ ಇಟ್ಕೊಂಡು ಅದರ ಲೆಕ್ಕ ನೋಡಿ, ಇಲ್ಲ ಬ್ಯಾಂಡ್ ಪಾದದ ಗಂಟಿನ ಹತ್ರ ಕಟ್ಕೊಳ್ಳಿ

ದೊಡ್ಡಮ್ಮ: ಓ ಅದಕ್ಕೇನಾ! ಹೋದ್ಸಲ ರಶ್ಮಿ ಬಂದಾಗ ಅವಳ ಬ್ಯಾಂಡ್ ನಂಗೆ ಒಂದಿನ ಕಟ್ಟಿದ್ಲು, ಚಪಾತಿ ಹಿಟ್ಟು ನಾದಿ ಮುಗ್ಸೋಷ್ಟ್ರಲ್ಲಿ ನಾಲ್ಕುನೂರು ಹೆಜ್ಜೆ ತೋರ್ಸ್ತು, ನಿಂತಲ್ಲೇ ನಿಂತಿದೀನಿ. ಆಮೇಲೆ ದೇವರಾಜ ಮಾರ್ಕೆಟ್ಟಿಂದ ಎರಡೂ ಕೈಲಿ ತರಕಾರಿ ಚೀಲ ಹಿಡ್ಕೊಂಡು ಬಸ್ ಸ್ಟಾಪ್ ತನಕ ನಡ್ಕೊಂಡು ಬಂದೆ ಅದು ಲೆಕ್ಕಕ್ಕೇ ಇಲ್ಲ

ದೀಪಾ: ಹೂಂ ದೊಡ್ಡಮ್ಮ. ಇನ್ನೊಂದಿದೆ, ಸುಳ್ಳು ಲೆಕ್ಕ ಬರ್ಬಾರ್ದು ಅಂತ ಸುಮಾರು ಬ್ಯಾಂಡ್‌ಗಳು ಒಂದೇ ಸಮ ಒಂದಷ್ಟು ಹೆಜ್ಜೆ ಹಾಕೋ ತನಕ ಎಣಿಸೋಕೇ ಶುರು ಮಾಡಲ್ಲ. ನೀವು ಒಲೆ ಹತ್ರದಿಂದ ಸಿಂಕು, ಸಿಂಕಿಂದ ಫ್ರಿಜ್ಜು, ಅಲ್ಲಿಂದ ದೇವರ ಮನೆ ಅಂತ ನಾಲ್ಕು ನಾಲ್ಕು ಹೆಜ್ಜೆ ಇಡ್ತೀರಲ್ಲ, ಅದೆಲ್ಲ ಸೊನ್ನೆ

ದೊಡ್ಡಮ್ಮ: ಅಂದ್ರೆ ಬೆಳಿಗ್ಗೆ ಐದೂವರೆಯಿಂದ ನಾನು ಮಾಡೋದೆಲ್ಲ ಸೊನ್ನೆ, ಇವರು ಸೋಫಾ ಸುತ್ತೋದು ವ್ಯಾಯಾಮ. ಚೆನ್ನಾಗಿದೆ ನಿಮ್ಮ ಮೆಷೀನು

ನಾಗರಾಜ ದೊಡ್ಡಪ್ಪ: 🙏

ವಿನಯ್: ಸರಿ ಹಂಗಾದ್ರೆ ಏನೂ ತಗೊಳ್ಳೋದೇ ಬೇಡ್ವಾ? ನಾನು ಒಳ್ಳೇದಕ್ಕೆ ಹೇಳಿದ್ದು, ಇಲ್ಲಿ ಥೀಸಿಸ್ ನಡೀತಿದೆ

ದೀಪಾ: ತಗೊಳ್ಳೋಣ ಕಣೋ, ದೊಡ್ಡಪ್ಪಂಗೆ ಬ್ಯಾಂಡ್ ಬೇಕೇ ಬೇಕು, ಕೆರೆ ಸುತ್ತ ಕೈ ಬೀಸ್ಕೊಂಡು ನಡೆಯೋರಿಗೆ ಅದು ಸರಿಯಾಗೇ ಎಣ್ಸುತ್ತೆ. ಅವರಿಗೆ ಸೂಟ್ ಆಗೋದು ನೋಡು ಅಂದೆ ಅಷ್ಟೇ. ಮೊದಲು ಸ್ಕ್ರೀನ್, ಬೆಳಿಗ್ಗೆ ಬಿಸಿಲಲ್ಲಿ ಕನ್ನಡಕ ಇಲ್ದೆ ಅಕ್ಷರ ಕಾಣ್ಬೇಕು. ಬೆವರು ಮಳೆ ಸ್ನಾನ ಯಾವ್ದಕ್ಕೂ ಹೆದರ್ಬಾರ್ದು, 5 ಎಟಿಎಂ ಅಂತ ಬರ್ದಿರ್ಲಿ, ಅದು ನೀರಿನ ಒತ್ತಡ ತಡೆಯೋ ಅಳತೆ, ಬರೀ ಐಪಿ67 ಅಂದ್ರೆ ಧೂಳು, ಸ್ವಲ್ಪ ಹೊತ್ತು ನೀರು ತಡೆಯುತ್ತೆ ಅಷ್ಟೇ, ಈಜೋಕೆ ಅಲ್ಲ. ಬ್ಯಾಟರಿ ವಾರ ಬರ್ಲಿ, ದಿನಾ ಚಾರ್ಜ್ ಹಾಕೋ ಐಟಂ ತಂದ್ರೆ ಒಂದು ತಿಂಗಳಿಗೆ ಡ್ರಾಯರ್ ಸೇರುತ್ತೆ, ಇದರ ಚಾರ್ಜರ್ ಬೇರೆ ಒಂದೊಂದು ಕಂಪನಿಗೆ ಒಂದೊಂದು ಥರ, ಕಳೆದ್ರೆ ಕಷ್ಟ. ಆಮೇಲೆ ಮುಖ್ಯ, ಕನ್ನಡ ಮೆಸೇಜ್ ಬಂದ್ರೆ ಕೆಲವು ಬ್ಯಾಂಡಲ್ಲಿ ಅಕ್ಷರದ ಬದಲು ಖಾಲಿ ಡಬ್ಬಗಳು ಸಾಲಾಗಿ ಕಾಣುತ್ತೆ, ಅಂಗಡಿಲೇ ಒಂದು ಮೆಸೇಜ್ ಕಳ್ಸಿ ನೋಡು

ವಿನಯ್: ಅಂಗಡಿಗೆ ಹೋಗ್ಬೇಕಾ 🤦 ಶಿಯೋಮಿಯವರು ಮೊದಲ ಬ್ಯಾಂಡನ್ನ 2015ರಲ್ಲಿ ಇಲ್ಲಿ 999ಕ್ಕೆ ಕೊಟ್ಟಿದ್ರು, ಸ್ಕ್ರೀನೇ ಇರ್ಲಿಲ್ಲ, ಮೂರು ಲೈಟ್ ಅಷ್ಟೇ, ಕಾಲೇಜಲ್ಲಿ ಎಲ್ಲಾ ಅದನ್ನೇ ಕಟ್ಕೊಂಡು ಓಡಾಡ್ತಿದ್ವಿ, ಯಾರೂ ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ

ದೀಪಾ: ಆಗ ನಿಂಗೆ ಬಿಪಿ ಮಾತ್ರೆ ಇರ್ಲಿಲ್ಲ. ದೊಡ್ಡಪ್ಪ, ನೀವು ತಗೊಳ್ತಿರೋದು ಬೀಟಾ ಬ್ಲಾಕರ್ ಅಲ್ವಾ?

ನಾಗರಾಜ ದೊಡ್ಡಪ್ಪ: ಹೂಂ ಅದೇ ಇರ್ಬೇಕು, ಬೆಳಿಗ್ಗೆ ಒಂದು. ಯಾಕೆ

ದೀಪಾ: ಆ ಮಾತ್ರೆ ಹಾರ್ಟ್ ರೇಟನ್ನ ಇಳಿಸಿ ಇಡುತ್ತೆ. ಬ್ಯಾಂಡ್ ಆದ್ರೆ 220ರಲ್ಲಿ ವಯಸ್ಸು ಕಳೆದು ನಿಮ್ಮ ಗರಿಷ್ಠ 160 ಅಂತ ಲೆಕ್ಕ ಹಾಕ್ಕೊಂಡು ಇನ್ನೂ ಜೋರಾಗಿ ನಡೀರಿ, ಇನ್ನೂ ಫ್ಯಾಟ್ ಬರ್ನ್ ಝೋನ್, ಅಂದ್ರೆ ಕೊಬ್ಬು ಕರಗೋ ಹಾರ್ಟ್ ರೇಟ್ ಮಟ್ಟ, ಬಂದಿಲ್ಲ ಅಂತ ಗೋಗರೀತಾ ಇರುತ್ತೆ, ನೀವು ಅದನ್ನ ನಂಬಿ ಓಡಿದ್ರೆ ಸುಸ್ತಾಗಿ ಕಲ್ಲು ಬೆಂಚ್ ಮೇಲೆ ಕೂರ್ಬೇಕಾಗುತ್ತೆ. ಝೋನ್ ಆಫ್ ಮಾಡ್ಬಿಡಿ. ನಿಮಿಷಕ್ಕೆ ನೂರು ಹೆಜ್ಜೆ ಬಿದ್ರೆ ಸಾಕು ಅದೇ ಬಿರುಸು ನಡಿಗೆ, ಪಕ್ಕದವರ ಜೊತೆ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು

ದೊಡ್ಡಮ್ಮ: ಅವರು ಹಾಡ್ದೇ ಇದ್ರೆ ಕೆರೆಗೂ ಒಳ್ಳೇದು

ಮಂಜುನಾಥ ಭಾವ: 😂😂😂

ದೀಪಾ: ಬ್ಯಾಂಡ್ ಬಂದ ದಿನ ಕೆರೆ ಏರಿ ಮೇಲೆ ಬಾಯಲ್ಲಿ ನೂರು ಎಣಿಸ್ಕೊಂಡು ನಡೀರಿ ದೊಡ್ಡಪ್ಪ, ಅದು 95ರಿಂದ 105ರ ಒಳಗೆ ತೋರ್ಸಿದ್ರೆ ಇಟ್ಕೊಳ್ಳಿ, ಇಲ್ಲ ರಿಟರ್ನ್ ಡೇಟ್ ಒಳಗೆ ವಾಪಸ್ ಕಳ್ಸಿ

ನಾಗರಾಜ ದೊಡ್ಡಪ್ಪ: ಸರಿ. ನಂಗೆ ಕಾಲಿಂಗ್ ಗೀಲಿಂಗ್ ಬೇಡ, ರಸ್ತೇಲಿ ಕೈ ಬಾಯಿ ಹತ್ರ ಇಟ್ಕೊಂಡು ಮಾತಾಡೋರನ್ನ ಕಂಡ್ರೇ ನಂಗಾಗಲ್ಲ. ಬ್ಯಾಂಡ್ ಒಂದು, ತೋಳಿಗೆ ಪಟ್ಟಿ ಕಟ್ಟೋ ಬಿಪಿ ಮೆಷೀನ್ ಒಂದು. ಟಾರ್ಗೆಟ್ ಎಂಟು ಸಾವಿರಕ್ಕೆ ಇಳಿಸ್ತೀನಿ, ಅದಕ್ಕಿಂತ ಕೆಳಗೆ ಬರಲ್ಲ

ದೊಡ್ಡಮ್ಮ: ಒಂಬತ್ತು ಗಂಟೆ ಒಳಗೆ ಮುಗಿಸ್ಬೇಕು

ನಾಗರಾಜ ದೊಡ್ಡಪ್ಪ: ಆಯ್ತು ಮಾರಾಯ್ತಿ

ವಿನಯ್: ಎರಡೂ ಸೇರಿ ನಾಲ್ಕೂವರೆ ಸಾವಿರ ಆಗುತ್ತೆ ಹಂಗಾದ್ರೆ, ತಲೆಗೆ ಸಾವಿರದ ಹತ್ರ ಬರುತ್ತೆ, ನೀವೇ ಕೇಳಿದ್ದು ಆಮೇಲೆ ನನ್ನ ಬೈಬೇಡಿ. ನಂಬರ್ ಗೊತ್ತಲ್ಲ, ಯುಪಿಐ ಮಾಡಿ

ಮಂಜುನಾಥ ಭಾವ: ಹಾಕೇನಿ, ನೋಡ್ಕೋ

ದೀಪಾ: ನಂದೂ ಆಯ್ತು

ರಶ್ಮಿ ನ್ಯೂಜೆರ್ಸಿ: ನಂಗೆ ಇಲ್ಲಿಂದ ಯುಪಿಐ ಆಗ್ತಿಲ್ಲ ಕಣೋ ವಿನಯ್, ನನ್ನ ಪಾಲು ಸದ್ಯಕ್ಕೆ ಅಪ್ಪನ ಹತ್ರ ಇಸ್ಕೋ

ನಾಗರಾಜ ದೊಡ್ಡಪ್ಪ: ಅಲ್ಲಮ್ಮ ರಶ್ಮಿ, ಗಿಫ್ಟು ಯಾರಿಗೆ?