ಚಿಕ್ಕಬಳ್ಳಾಪುರದ ಹತ್ರ ನಕ್ಷತ್ರ ನೋಡೋಕೆ ಸೇಫಾದ ಜಾಗ ಯಾವುದು?

ಚಿಕ್ಕಬಳ್ಳಾಪುರ ಟೌನಲ್ಲಿದೀವಿ. ಏಳನೇ ಕ್ಲಾಸಿನ ಮಗಳಿಗೆ ಬೈನಾಕ್ಯುಲರ್ ಕೊಡಿಸಿದೀನಿ, ಬೀದಿ ದೀಪದ ಬೆಳಕಲ್ಲಿ ಮಾಳಿಗೆ ಮೇಲಿಂದ ಏನೂ ಕಾಣ್ತಿಲ್ಲ. ನಾವಿಬ್ರೇ ಹೋಗೋದು, ಕತ್ತಲೂ ಇರ್ಬೇಕು, ಭಯಾನೂ ಇರ್ಬಾರ್ದು. ಹೋಗಿ ಬಂದೋರು ಹೇಳಿ.

—

ಅಕ್ಕ, ಮೊದ್ಲು ಬೆಟ್ಟದ ಯೋಚನೆ ಬಿಡಿ. ನಂದಿಬೆಟ್ಟಕ್ಕೆ ರಾತ್ರಿ ಹೊತ್ತು ಬಿಡಲ್ಲ, ಬೇರೆ ಬೆಟ್ಟಗಳ ಕಡೆ ಚಿರತೆ ಕರಡಿ ಓಡಾಡ್ತವೆ. ನಾವು ಪೇರೇಸಂದ್ರದಲ್ಲಿ ಹೈವೇ ಬಿಟ್ಟು ಗುಡಿಬಂಡೆ ಕಡೆ ಹೋಗಿ ಪರಿಚಯದ ರೈತರೊಬ್ಬರ ಕಣದಲ್ಲಿ ಕೂರ್ತೀವಿ. ನೆಲ ಮಟ್ಟಸವಾಗಿರುತ್ತೆ, ಪೊದೆ ಇರಲ್ಲ, ಕೂಗಿದ್ರೆ ಮನೆಯೋರಿಗೆ ಕೇಳಿಸುತ್ತೆ. ಬಣವೆ ಪಕ್ಕ ಮಾತ್ರ ಚಾಪೆ ಹಾಸ್ಬೇಡಿ, ಅಲ್ಲಿ ಇಲಿ ಇರ್ತವೆ, ಇಲಿಗೋಸ್ಕರ ಹಾವು ಬರುತ್ತೆ.

ಹೇಳ್ದೆ ಕೇಳ್ದೆ ಯಾರದೋ ಹೊಲದ ಹತ್ರ ಗಾಡಿ ನಿಲ್ಲಿಸೋದು ಬೇಡವೇ ಬೇಡ. ತ್ರೀ ಫೇಸ್ ಕರೆಂಟು ರಾತ್ರಿ ಬಂದ್ರೆ ರೈತರು ಮೋಟ್ರು ಹಾಕೋಕೆ ಬರ್ತಾರೆ, ಕೇಬಲ್ ಕಳ್ಳರ ಕಾಟದಲ್ಲಿ ಬೇಸತ್ತಿರ್ತಾರೆ, ಕತ್ತಲಲ್ಲಿ ಗುರುತಿಲ್ಲದೋರನ್ನ ಕಂಡ್ರೆ ಅನುಮಾನ ಬರೋದು ಸಹಜ ತಾನೆ. ಹಗಲಲ್ಲೇ ಒಂದ್ಸಲ ಹೋಗಿ ಮಾತಾಡಿ ಬನ್ನಿ. ಹಾಗೇ ಅಕ್ಕಪಕ್ಕ ಸೇವಂತಿಗೆ ತೋಟಕ್ಕೆ ಬಲ್ಬ್ ಕಟ್ಟಿದಾರಾ ನೋಡ್ಕೊಳ್ಳಿ. ರಾತ್ರಿ ಉದ್ದ ಇದ್ರೆ ಸೇವಂತಿಗೆ ಬೇಗ ಮೊಗ್ಗು ಕಟ್ಟುತ್ತೆ, ಗಿಡ ಇನ್ನೂ ಬೆಳೀಲಿ ಅಂತ ಸಾಲು ಸಾಲು ಬಲ್ಬ್ ಉರಿಸ್ತಾರೆ, ಅಂಥ ತೋಟ ಒಂದಿದ್ರೆ ಆ ಕಡೆ ಆಕಾಶವೆಲ್ಲ ಬೆಳ್ಳಗಾಗಿರುತ್ತೆ.

ಡಿಸೆಂಬರ್ ಅಮಾವಾಸ್ಯೆ ಆಸುಪಾಸು ಹೋಗಿ. ಅರ್ಧ ಗಂಟೆ ಮೊಬೈಲ್ ಮುಟ್ಟದೆ ಕೂತ್ರೆ ಕಣ್ಣು ಕತ್ತಲಿಗೆ ಹೊಂದ್ಕೊಳ್ಳುತ್ತೆ, ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿ. ಮಗಳಿಗೆ ಮೊದ್ಲು ಕೃತ್ತಿಕೆ ತೋರ್ಸಿ, ಬರಿಗಣ್ಣಿಗೆ ಆರೇಳು ಕಾಣೋ ಕಡೆ ಬೈನಾಕ್ಯುಲರಲ್ಲಿ ಹತ್ತಾರು ಕಾಣುತ್ತೆ. ಆಮೇಲೆ ಆಂಡ್ರೊಮಿಡಾ ಗೆಲಾಕ್ಸಿ, ಮಂಕಾದ ಮಚ್ಚೆ ಥರ ಕಾಣೋದು ಅಷ್ಟೇ, ಆದ್ರೆ ಆ ಬೆಳಕು ಹೊರಟಿದ್ದು ಸುಮಾರು 25 ಲಕ್ಷ ವರ್ಷದ ಹಿಂದೆ ಅಂತ ಅಲ್ಲೇ ಹೇಳಿ, ಮರೆಯಲ್ಲ.

—

ಗುಡಿಬಂಡೆ ನೆತ್ತಿ ಮೇಲಿನ ಆಕಾಶಕ್ಕೂ ಉತ್ತರದ ಆಕಾಶಕ್ಕೂ ಚೆನ್ನಾಗಿದೆ, ಒಪ್ತೀನಿ. ಆದ್ರೆ ಬೆಂಗಳೂರು, ಏರ್‌ಪೋರ್ಟು ಎರಡೂ ಅಲ್ಲಿಂದ ದಕ್ಷಿಣಕ್ಕೆ ಬೀಳ್ತವೆ, ಆ ಬೆಳಕಲ್ಲಿ ತಳಭಾಗದ ನಕ್ಷತ್ರಗಳು ಮುಳುಗಿಹೋಗ್ತವೆ. ತ್ರಿಶಂಕು ಅನ್ನೋ ಶಿಲುಬೆ ಆಕಾರದ ನಕ್ಷತ್ರಪುಂಜ ನೋಡೋ ಆಸೆ ಇದ್ರೆ ನಮ್ಮ ಮುಳಬಾಗಿಲು ಕಡೆ ಬನ್ನಿ, ಇಲ್ಲಿಗೆ ಬೆಂಗಳೂರು ಪಶ್ಚಿಮಕ್ಕೆ. ಟೌನ್ ದಾಟಿ ದಕ್ಷಿಣಕ್ಕೆ ಹೋದ್ರೆ ಊರಿನ ದೀಪನೂ ಬೆನ್ನಿಗೆ ಬೀಳುತ್ತೆ. ಏಪ್ರಿಲ್ ಕೊನೇಲಿ ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣಕ್ಕೆ ಕೈ ಚಾಚಿ ಮುಷ್ಟಿ ಹಿಡೀರಿ, ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ನೆಟ್ಟಗೆ ನಿಂತಿರುತ್ತೆ. ಸಂಜೆ ಮಳೆ ಬಿದ್ದು ಮೋಡ ಹರಿದ ದಿನ ಸಿಕ್ಕಿದ್ರೆ ಬಿಡ್ಲೇಬೇಡಿ, ಧೂಳೆಲ್ಲ ತೊಳೆದಿರುತ್ತೆ.

ಎಲ್ಲಿಗೇ ಹೋದ್ರೂ ಗಾಡಿ ಮೂತಿ ರಸ್ತೆ ಕಡೆಗಿರ್ಲಿ, ಮೊಬೈಲ್ ಸಿಗ್ನಲ್ ಇರೋ ಜಾಗನೇ ಆರಿಸ್ಕೊಳ್ಳಿ, ಏನಾದ್ರೂ ಆದ್ರೆ 112ಕ್ಕೆ ಫೋನ್ ಹೋಗ್ಬೇಕಲ್ಲ. ಎಷ್ಟೊತ್ತಿಗೆ ವಾಪಸ್ ಬರ್ತೀವಿ ಅಂತ ಮನೇಲಿ ಹೇಳಿ ಹೊರಡಿ.